ತೆಪ್ಪಕ್ಕೊಂದು ಬ್ಯಾಟರಿ

ಮೀನು ಹುಡುಕುವ ಯಂತ್ರ ಕೊಳ್ಳುವುದು ಸುಲಭ. ತೆಪ್ಪದ ಮೇಲೆ ಅದಕ್ಕೆ ಕರೆಂಟು ಒದಗಿಸುವುದಿದೆಯಲ್ಲ, ಅದೇ ಫಜೀತಿ. ನಾನು ತಂದದ್ದು ಅಂಗೈಯಗಲದ್ದು; ಕೇಳುವುದು 12 ವೋಲ್ಟು, ಅರ್ಧ ಆಂಪಿಯರ್. ಜತೆಗೆ ಬಂದ ಪುಸ್ತಕದಲ್ಲಿ ಇರುವುದೆಲ್ಲ ಎಂಜಿನ್ ದೋಣಿಯ ಮಾತು. ಕೆ.ಆರ್. ಪೇಟೆ ಕಡೆ ಅಂಬಿಗರಹಳ್ಳಿಯ ಆಸುಪಾಸಿನ ಹಿನ್ನೀರಿನಲ್ಲಿ ನಮ್ಮ ಮಾವ ನಡೆಸುವುದು ಬಿದಿರ ದಬ್ಬೆ ಹೆಣೆದು, ಪ್ಲಾಸ್ಟಿಕ್ ಚೀಲ ಹೊದಿಸಿ, ಟಾರು ಬಳಿದ ತೆಪ್ಪ. ಅದರ ಎಂಜಿನ್ನೆಂದರೆ ಮಾವನ ಎರಡು ತೋಳು.

ಬೈಕಿನ ಬ್ಯಾಟರಿ ಇಡೋಣವೆಂದರೆ ತೆಪ್ಪ ವಾಲಿದಾಗ ಆಸಿಡ್ ಚೆಲ್ಲುವ ಭಯ. ಕೊನೆಗೆ ಯುಪಿಎಸ್ ಒಳಗಿರುವ, ಬಾಯಿ ಮುಚ್ಚಿದ 7 ಆಂಪಿಯರ್-ಅವರ್ ಬ್ಯಾಟರಿ ಆರಿಸಿದೆ. ತೂಕ ಎರಡು ಕೆಜಿ ಚಿಲ್ಲರೆ. ಕಾಗದದ ಲೆಕ್ಕದಲ್ಲಿ 14 ಗಂಟೆ ಬರಬೇಕು; ಆದರೆ ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ, ಹಾಗಾಗಿ ಏಳೇ ಗಂಟೆ ಅನ್ನಿ. ಅಡುಗೆಮನೆಯ ಪ್ಲಾಸ್ಟಿಕ್ ಡಬ್ಬಿಯೊಳಗೆ ಅದನ್ನು ಕೂರಿಸಿ, ವೈರು ಹೊರಬರುವ ತೂತಿಗೆ ಎಂ-ಸೀಲ್ ಮೆತ್ತಿ, ಪ್ಲಸ್ ವೈರಿಗೆ ಫ್ಯೂಸು ಹಾಕಿದೆ. ಸೆನ್ಸರನ್ನು ಬಿದಿರ ಕೋಲಿಗೆ ಸೈಕಲ್ ಟ್ಯೂಬಿನ ಪಟ್ಟಿಯಲ್ಲಿ ಬಿಗಿದು ನೀರಿಗೆ ಒಂದು ಗೇಣು ಇಳಿಬಿಟ್ಟದ್ದಾಯಿತು.

ಹಾಗೆ ನೋಡಿದರೆ ಈ ಹಿನ್ನೀರು ಇಲ್ಲಿರುವುದರಲ್ಲೂ ಕರೆಂಟಿನ ಕೈವಾಡವುಂಟು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೊರಟಿತು, ತಂತಿಯ ಹಾದಿ ಸುಮಾರು 147 ಕಿಲೋಮೀಟರು. ಬೇಸಿಗೆಯಲ್ಲಿ ಕಾವೇರಿ ಸೊರಗಿದರೆ ಅಲ್ಲಿನ ಯಂತ್ರಗಳೂ ಸೊರಗಬೇಕು. ಅವಕ್ಕೆ ವರ್ಷವಿಡೀ ನೀರು, ಜತೆಗೆ ಮಂಡ್ಯದ ಗದ್ದೆಗೂ ನೀರು ಎಂದು 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾಯಿತು. ಆ ಹೆಸರಿನ ಊರು ಮುಳುಗಿತು. ಗಣಿಯಲ್ಲಿ ಬಲ್ಬು ಉರಿಯುತ್ತಿದ್ದ ಕಾಲಕ್ಕೆ ನಮ್ಮ ತಾತ ಇದೇ ನೀರಿನ ಮೇಲೆ ಲಾಂದ್ರ ಹಿಡಿದು ಬಲೆ ಬಿಡುತ್ತಿದ್ದ.

ಮೀನು ಹುಡುಕುವ ಯಂತ್ರದ ವಂಶವೂ ಸಣ್ಣದಲ್ಲ. ಕೆಲವು ಹರಳುಗಳನ್ನು ಒತ್ತಿದರೆ ವಿದ್ಯುತ್ತು ಹುಟ್ಟುತ್ತದೆಂದು 1880ರಲ್ಲಿ ಕ್ಯೂರಿ ಸೋದರರು ತೋರಿಸಿದರು. ಮೊದಲ ಮಹಾಯುದ್ಧದಲ್ಲಿ ವಿಜ್ಞಾನಿ ಲಾಂಜೆವಿನ್ ಅದೇ ಗುಣವನ್ನು ತಿರುಗುಮುರುಗು ಮಾಡಿ, ಹರಳಿನಿಂದ ಶಬ್ದ ಹೊರಡಿಸಿ ಜಲಾಂತರ್ಗಾಮಿ ಹುಡುಕಲು ಹೊರಟ. 1948ರಲ್ಲಿ ಜಪಾನಿನ ಫುರುನೊ ಸೋದರರು ಆ ವಿದ್ಯೆಯನ್ನು ಮೀನುಗಾರರ ಕೈಗಿತ್ತರು. ನೀರಿನಲ್ಲಿ ಶಬ್ದದ ಓಟ ಸೆಕೆಂಡಿಗೆ ಸುಮಾರು 1,500 ಮೀಟರು. ಅದು ತಳಕ್ಕೆ ಹೋಗಿ ಬರಲು ಹಿಡಿದ ಹೊತ್ತೇ ಆಳದ ಲೆಕ್ಕ.

ಮಾವ ಹುಟ್ಟು ಹಾಕುತ್ತಾ ಪರದೆಯನ್ನು ಓರೆಗಣ್ಣಲ್ಲಿ ನೋಡಿದರು. ಮೀನು ಬಿಲ್ಲಿನಂತೆ ಬಾಗಿ ಕಾಣಬೇಕೆಂದು ಪುಸ್ತಕ ಹೇಳಿತ್ತು. ಆದರೆ ತೆಪ್ಪ ನಿಂತಲ್ಲೇ ನಿಂತು ಮೀನೂ ಅಲುಗದಿದ್ದರೆ ಬರುವುದು ಬರೀ ಉದ್ದನೆಯ ಗೆರೆ. ಅಷ್ಟರಲ್ಲಿ ತಳ ಸರ್ರನೆ ಮೇಲೆದ್ದಿತು.

“ಮಾವ, ಇಲ್ಲೊಂದು ದಿಬ್ಬ ಐತೆ!”

“ನಿಮ್ಮವ್ವನೂ ನಾನೂ ದನ ಮೇಯಿಸ್ತಿದ್ದ ದಿಬ್ಬ ಕಣ್ಲಾ ಅದು. ಆಚೆ ಮಗ್ಗುಲಲ್ಲಿ ಹಳ್ಳ. ಮೀನು ಅಲ್ಲಿರ್ತವೆ.”

ಬೇಸಿಗೆಯಲ್ಲಿ ಹಿನ್ನೀರು ಸರಿದಾಗ ಇಲ್ಲಿನವರು ಅದರ ತಳದಲ್ಲೇ ಓಡಾಡಿದವರು. ದನ ಬಿಟ್ಟವರು, ಬಿತ್ತಿ ಬೆಳೆದವರು. ಮಳೆಗಾಲದಲ್ಲಿ ಯಾವ ಹೊಲದ ಮೇಲೆ ಎಷ್ಟು ಆಳು ನೀರೆಂಬುದು ಅವರ ಕಾಲಿಗೆ ಗೊತ್ತು. ನನ್ನ ಯಂತ್ರ ಏಳು ಗಂಟೆ ಉಸಿರು ಹಿಡಿದು ಕಲಿಯುವುದನ್ನು ಮಾವ ಚಿಕ್ಕಂದಿನಲ್ಲೇ ಕಲಿತು ಮುಗಿಸಿದ್ದರು.

ದಡಕ್ಕೆ ಬಂದ ಮೇಲೆ ಬ್ಯಾಟರಿಯ ಡಬ್ಬಿಯನ್ನು ಎತ್ತಿ ತೂಗಿ ನೋಡಿ ಅಂದರು: “ಆ ಪೆಟ್ಗೆ ನೀನೇ ಮಡಿಕೊ. ಇದ್ನ ಬುಟ್ಟೋಗು.”

ಈಗ ಅದಕ್ಕೊಂದು ಎಲ್‌ಇಡಿ ಪಟ್ಟಿ ಅಂಟಿದೆ. ರಾತ್ರಿ ಬಲೆ ಬಿಡಿಸಲು ಬೆಳಕು, ಮಗ್ಗುಲಲ್ಲೇ ಮೊಬೈಲು ಚಾರ್ಜು, ಹಳೆಯ ಸಿನಿಮಾ ಹಾಡು. ಅರ್ಧಕ್ಕಿಂತ ಕೆಳಗಿಳಿಸಬೇಡಿ ಎಂದು ಹೇಳಿಬಂದಿದ್ದೆ, ಕೇಳುವ ಜಾಯಮಾನವೇ? ಬ್ಯಾಟರಿ ಸತ್ತಾಗಲೆಲ್ಲ ಫೋನು ಬರುತ್ತದೆ, ಹೊಸದನ್ನು ಕಳಿಸುವ ಖರ್ಚು ಅಳಿಯನ ಲೆಕ್ಕಕ್ಕೆ.