ಟುಹಂಗಾ ನಾಲೆಯ ಚಿತ್ರಭಿತ್ತಿ

ಲಾಸ್ ಏಂಜಲಿಸ್ ಮಹಾನಗರದ ಚಿತ್ರಶಾಲೆಗಳನ್ನು ಅರಸಿ ಬರುವ ಪ್ರವಾಸಿಗರು ಸ್ಯಾನ್ ಫರ್ನಾಂಡೊ ಕಣಿವೆಯ ಟುಹಂಗಾ ನಾಲೆಯವರೆಗೆ ಬರುವುದು ವಿರಳ; ಆದರೆ ಆ ನಗರದಲ್ಲಿ ಮೊದಲು ನೋಡತಕ್ಕುದಾವುದೆಂದು ಯಾರಾದರೂ ಕೇಳಿದರೆ ನಾನು ಇದನ್ನೇ ಹೇಳುವೆನು. 1938ರ ಮಹಾಪ್ರವಾಹದ ತರುವಾಯ ಅಲ್ಲಿಯ ಹೊಳೆಗಳನ್ನು ಕಾಂಕ್ರೀಟಿನ ಕಾಲುವೆಗಳಲ್ಲಿ ಬಂಧಿಸುತ್ತ ಬಂದರಷ್ಟೆ. ಹಾಗೆ ಬಂಧಿತವಾದ ಈ ನಾಲೆಯ ಗೋಡೆಯ ಮೇಲೆ 2,754 ಅಡಿಗಳ ಉದ್ದಕ್ಕೂ ಕ್ಯಾಲಿಫೋರ್ನಿಯದ ಚರಿತ್ರೆಯು ವರ್ಣಗಳಲ್ಲಿ ಹಬ್ಬಿಕೊಂಡಿದೆ. ಎದುರು ದಂಡೆಯ ಕಾಲುದಾರಿಯಲ್ಲಿ, ತಂತಿಬೇಲಿಯ ಪಕ್ಕದಲ್ಲೇ ಮೆಲ್ಲಮೆಲ್ಲನೆ ನಡೆಯುತ್ತ ನಾನು ಅದನ್ನು ನೋಡಿದೆನು.

ಈ ಮಹಾಕಾರ್ಯದ ಸೂತ್ರಧಾರಿಣಿ ಮೆಕ್ಸಿಕನ್ ಮೂಲದ ಕಲಾವಿದೆ ಜೂಡಿತ್ ಬಾಕಾ. 1976ರ ಬೇಸಗೆಯಲ್ಲಿ ಆಕೆ ಇತರ ಕಲಾವಿದರೊಡನೆ, ನ್ಯಾಯಾಲಯಗಳ ಮೆಟ್ಟಿಲು ಹತ್ತಿಬಂದ ಹುಡುಗರನ್ನೂ ಒಳಗೊಂಡ 80 ಮಂದಿ ತರುಣರನ್ನು ಕೂಡಿಸಿಕೊಂಡು ಮೊದಲ 1,000 ಅಡಿಗಳನ್ನು ಬರೆಯಿಸಿದರು. ಚಳಿಗಾಲದ ಮಳೆಗೆ ನಾಲೆಯು ತುಂಬಿ ಹರಿಯುವುದರಿಂದ ಬೇಸಗೆಯೇ ಕೆಲಸದ ಕಾಲ. 1983ರ ವೇಳೆಗೆ, ಐದು ಬೇಸಗೆಗಳಲ್ಲಿ, ಕುಂಚ ಹಿಡಿದವರ ಸಂಖ್ಯೆ 400ನ್ನು ಮೀರಿತ್ತು. ಬೇರೆ ಬೇರೆ ಕೇರಿಗಳ, ಬೇರೆ ಬೇರೆ ವರ್ಣದ ಮಕ್ಕಳು ಒಂದೇ ಗೋಡೆಯೆದುರು ಭುಜಕ್ಕೆ ಭುಜ ತಾಗಿಸಿ ದುಡಿದುದು ಚಿತ್ರದಷ್ಟೇ ಮಹತ್ತ್ವದ ಸಂಗತಿಯೆಂದು ನನ್ನ ಭಾವನೆ.

ಆರಂಭದ ಭಾಗದಲ್ಲಿ ಒಂದೊಂದು ಚಿತ್ರವೂ ಒಂದೊಂದು ಕೈಯದಾಗಿ ಬಿಡಿಬಿಡಿಯಾಗಿ ನಿಂತಿದೆ. ಬಾಕಾ 1977ರಲ್ಲಿ ಮೆಕ್ಸಿಕೋದ ಕ್ವೆರ್ನವಾಕಾಕ್ಕೆ ಹೋಗಿ ಭಿತ್ತಿಚಿತ್ರಕಾರ ಸಿಕೆರೋಸನ ಕಾರ್ಯಾಗಾರದಲ್ಲಿ ಭಿತ್ತಿಚಿತ್ರವಿದ್ಯೆಯನ್ನು ಅಭ್ಯಸಿಸಿ ಬಂದ ಮೇಲೆ ಬರೆಯಿಸಿದ ಭಾಗವಾದರೋ ಪ್ರವಾಹದಂತೆ ಒಂದರೊಳಗೊಂದು ಹರಿದು ಸೇರುತ್ತದೆ. 1930ರ ದಶಕದಲ್ಲಿ ಗಡಿಯಾಚೆಗೆ ಅಟ್ಟಲ್ಪಟ್ಟ ಮೆಕ್ಸಿಕನ್ ಕುಟುಂಬಗಳು, ಯುದ್ಧಕಾಲದಲ್ಲಿ ಶಿಬಿರಗಳಿಗೆ ದೂಡಲ್ಪಟ್ಟ ಜಪಾನೀ ಮೂಲದ ನಾಗರಿಕರು, ಹೀಗೆ ಪಾಠಪುಸ್ತಕಗಳು ಬಹುಕಾಲ ಬದಿಗಿಟ್ಟಿದ್ದವರಿಗೆ ಇಲ್ಲಿ ಅಗ್ರಸ್ಥಾನವುಂಟು.

ಚಾವೇಸ್ ರವೀನ್ ಎಂಬ ಕೇರಿಯ ಚಿತ್ರದೆದುರು ನಾನು ಬಹಳ ಹೊತ್ತು ನಿಂತೆನು. ಹೆದ್ದಾರಿಗಳು ಸರ್ಪಗಳಂತೆ ಸುತ್ತಿಕೊಂಡು ಒಂದು ಸಂಸಾರವನ್ನೇ ಆಚೆ ಈಚೆ ಸೀಳಿವೆ. ಮೇಲೆ ಬೇಸ್‌ಬಾಲ್ ಕ್ರೀಡಾಂಗಣವು ಅನ್ಯಲೋಕದ ವಿಮಾನದಂತೆ ತೇಲುತ್ತಿದೆ. ಬಡವರಿಗೆ ವಸತಿಗಳನ್ನು ಕಟ್ಟುವೆವೆಂದು ಅಲ್ಲಿಯ ನಿವಾಸಿಗಳನ್ನು ಎಬ್ಬಿಸಿ, ಆ ಯೋಜನೆಯನ್ನೇ ಕೈಬಿಟ್ಟು, ಕೊನೆಗೆ 1962ರಲ್ಲಿ ಅದೇ ನೆಲದ ಮೇಲೆ ಕ್ರೀಡಾಂಗಣವನ್ನು ತೆರೆದರು. ಈ ಅನ್ಯಾಯವನ್ನು ನಾನು ಓದಿ ತಿಳಿದಿದ್ದೆನಾದರೂ, ಮನೆಮಂದಿಯ ನಡುವೆ ಕಾಂಕ್ರೀಟು ನುಗ್ಗಿದುದನ್ನು ಕಂಡಾಗಲೇ ಅದರ ಭಾರ ನನ್ನೆದೆಗೆ ತಟ್ಟಿತು.

2017ರಲ್ಲಿ ಈ ಭಿತ್ತಿಯು ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿತು. ಇಲ್ಲಿಗೆ ಮುಗಿಯದ ಕಥೆಯನ್ನು ಮುಂದಿನ ದಶಕಗಳಿಗೆ ಬೆಳೆಸುವ ಕಾರ್ಯವನ್ನೂ ಬಾಕಾ ಅವರ ಸಂಸ್ಥೆಯು ಕೈಗೊಂಡಿದೆ.