ಮುಗಿಲ ಮೇಲಿನ ಔತಣ

ಔತಣವೆಂದರೆ ಎಲೆಯ ಮುಂದೆ ನೆಮ್ಮದಿಯಾಗಿ ಕುಳಿತು ಉಣ್ಣುವುದೆಂದು ನಂಬಿದವರಲ್ಲಿ ನಾನೂ ಒಬ್ಬ. 2005ರಲ್ಲಿ ಇಂಗ್ಲೆಂಡಿನ ಆಗಸದಲ್ಲಿ ನಡೆದ ಔತಣದ ಬಗೆಯೇ ಬೇರೆ. ಎತ್ತರ ಸುಮಾರು 24,000 ಅಡಿ. ಗಾಳಿಯ ಒತ್ತಡ ನೆಲದ ಮೇಲಿರುವುದರ ಅರ್ಧಕ್ಕಿಂತಲೂ ಕಡಮೆ. ಎಲುಬನ್ನೇ ಕೊರೆಯುವ ಚಳಿ. ಬಿಸಿಗಾಳಿಯ ಬೆಲೂನನ್ನು ಹಾರಿಸಿದವರು ಡೇವಿಡ್ ಹೆಂಪಲ್‌ಮನ್-ಆಡಮ್ಸ್. ಅದರ ಕೆಳಗೆ ತೂಗುಬಿಟ್ಟ ಮೇಜಿಗೆ ಬೇರ್ ಗ್ರಿಲ್ಸ್, ಅಲನ್ ವೀಲ್ ಅತಿಥಿಗಳು. ಮೈಮೇಲೆ ರಾಜಭೋಜನಕ್ಕೊಪ್ಪುವ ಉಡುಪು, ಮೋರೆಗೆ ಆಮ್ಲಜನಕದ ಮುಖವಾಡ! ತುತ್ತು ಬಾಯಿಗಿಡಬೇಕಾದರೆ ಅದನ್ನು ಸರಿಸಲೇಬೇಕಷ್ಟೆ. ತರುಣರಿಗೆ ನೆರವಾಗುವ ಪ್ರಿನ್ಸಸ್ ಟ್ರಸ್ಟ್ ಮೊದಲಾದ ಧರ್ಮಸಂಸ್ಥೆಗಳತ್ತ ಜನರ ಕಣ್ಣು ಸೆಳೆಯಲು ಇಷ್ಟೆಲ್ಲ ಸಂಭ್ರಮ.

ಗ್ರಿಲ್ಸ್ 1996ರಲ್ಲಿ ಆಫ್ರಿಕದಲ್ಲಿ ಪ್ಯಾರಾಚೂಟ್ ಕೈಕೊಟ್ಟು, ಬಿದ್ದು ಬೆನ್ನೆಲುಬು ಮುರಿದುಕೊಂಡಿದ್ದವರು. ಈ ಮೇಜಿನಿಂದ ಕೆಳಗಿಳಿಯಲು ಪ್ಯಾರಾಚೂಟೇ ದಾರಿ. ಅದಕ್ಕಾಗಿ ಅವರು ಇನ್ನೂರಕ್ಕೂ ಮಿಕ್ಕಿ ಅಭ್ಯಾಸದ ಜಿಗಿತಗಳನ್ನು ಮಾಡಿದ್ದರು. ಊಟ ಮುಗಿಯಿತು, ಇಬ್ಬರೂ ಶೂನ್ಯಕ್ಕೆ ಧುಮುಕಿದರು.