ಕೆನ್ನೆಯ ಗುರುತು

ನಮ್ಮ ಮನೆಯಲ್ಲಿ ಅಜ್ಜನ ಕಾಲದ ಒಂದು ಜೋಡಿ ನಳಿಕೆಯ ತೋಟೆ ಕೋವಿ ಇದೆ. ಸುಳ್ಯದ ಕಡೆಯ ಕಾಡಂಚಿನ ಅಡಿಕೆ ತೋಟದವರಿಗೆ ಇದೇನೂ ವಿಶೇಷವಲ್ಲ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಕೋವಿಗಳು ನಮ್ಮ ಭಾಗದ ಅನೇಕ ಮನೆಗಳಲ್ಲಿವೆ. ಚುನಾವಣೆ ಬಂದಾಗ ಅದನ್ನು ಠಾಣೆಯಲ್ಲಿಟ್ಟು, ಎಲ್ಲ ಮುಗಿದ ಮೇಲೆ ಹೋಗಿ ಬಿಡಿಸಿ ತರುವುದೂ ನಮಗೆ ರೂಢಿಯಾಗಿಬಿಟ್ಟಿದೆ.

ಅಜ್ಜ ಬೇಟೆಗಾರರು, ಆರಡಿ ಎತ್ತರದ ಆಳು. ಕೋವಿಯ ಮರದ ಭಾಗವನ್ನು, ಅಂದರೆ ಹೆಗಲಿಗೆ ಒತ್ತಿ ಹಿಡಿಯುವ ಕುಂದವನ್ನು, ತಮ್ಮ ತೋಳಿನ ಅಳತೆಗೇ ಮಾಡಿಸಿಕೊಂಡಿದ್ದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆ ನಿಂತಿತು. ತಂದೆಯವರ ಕೈಗೆ ಬರುವಾಗ ಕೋವಿ ಮಂಗಗಳ ಹಿಂಡನ್ನು ಸದ್ದಿನಿಂದ ಬೆದರಿಸುವ ಸಾಧನವಾಗಿ ಉಳಿದಿತ್ತು. ಆದರೆ ಆಕಾಶಕ್ಕೆ ಗುಂಡು ಹಾರಿಸುವವನಿಗೂ ಹೆಗಲೆಂಬುದು ಇದೆಯಲ್ಲ! ತಂದೆಯವರು ಕುಳ್ಳಗಿನವರು. ಉದ್ದದ ಕುಂದ ಅವರ ಹೆಗಲಿನ ಗುಳಿಯಲ್ಲಿ ಕೂರದೆ ತೋಳಿಗೆ ಜಾರುತ್ತಿತ್ತು. ಮಳೆಗಾಲ ಮುಗಿದು ಮಂಗಗಳ ಕಾಟ ಶುರುವಾಯಿತೆಂದರೆ ಅವರ ಬಲತೋಳಿನಲ್ಲಿ ನೀಲಿಗಟ್ಟಿದ ಗಾಯ ಇದ್ದೇ ಇರುತ್ತಿತ್ತು. ಅಮ್ಮ ಬಿಸಿ ಉಪ್ಪಿನ ಶಾಖ ಕೊಡುತ್ತಿದ್ದುದನ್ನು ನಾವು ಮಕ್ಕಳು ನೋಡುತ್ತ ಬೆಳೆದೆವು. ಕೋವಿ ಎಂದರೆ ಹೀಗೇ ಎಂದು ತಿಳಿದಿದ್ದೆವು.

ತಂದೆಯವರಿಗೆ 70 ತುಂಬಿದಾಗ, ನಿಯಮದಲ್ಲಿರುವ ಅವಕಾಶದಂತೆ ಲೈಸೆನ್ಸನ್ನು ನಮ್ಮಲ್ಲಿ ಹಿರಿಯವನ ಹೆಸರಿಗೆ ಮಾಡಿಸಿದೆವು. ಅವನೂ ತಂದೆಯವರ ಮೈಕಟ್ಟಿನವನೇ. ಮೊದಲ ಗುಂಡಿಗೇ ತೋಳು ಹಿಡಿದುಕೊಂಡು ಕುಳಿತ. ಕುಂದವನ್ನು ಕಡಿಮೆ ಮಾಡಿಸೋಣವೇ ಎಂದು ತಂದೆಯವರನ್ನು ಕೇಳಿದೆವು. “ಮಾಡಿಸಿ” ಎಂದರು. ಬೇರೇನೂ ಹೇಳಲಿಲ್ಲ.

ಪೇಟೆಯಲ್ಲಿ ಲೈಸೆನ್ಸ್ ಇಟ್ಟುಕೊಂಡು ಕೋವಿ ರಿಪೇರಿ ಮಾಡುವ ಮೇಸ್ತ್ರಿಯವರು ವಯಸ್ಸಾದವರು. ಅವರು ಮೊದಲು ಕೋವಿಯನ್ನು ನೋಡಲಿಲ್ಲ, ಮನುಷ್ಯನನ್ನು ನೋಡಿದರು. ಖಾಲಿ ಕೋವಿಯನ್ನು ಕೈಗೆ ಕೊಟ್ಟು, “ಕಣ್ಣು ಮುಚ್ಚಿ ಹೆಗಲಿಗೆ ಏರಿಸಿ, ಈಗ ಕಣ್ಣು ಬಿಡಿ” ಎಂದರು. ಕುಂದದ ತುದಿ ಅಂಗಿಗೆ ಸಿಕ್ಕಿಕೊಂಡಿತ್ತು. ಕಣ್ಣು ನಳಿಕೆಯ ನೇರಕ್ಕೆ ಬಂದಿರಲಿಲ್ಲ. ಇಂಥ ಕೋವಿಯಲ್ಲಿ ಹಿಂದಿನ ಗುರಿಕಡ್ಡಿ ಇರುವುದಿಲ್ಲ, ಅದರ ಕೆಲಸವನ್ನು ಮಾಡುವುದು ನಮ್ಮ ಕಣ್ಣೇ. ಕೆನ್ನೆ ಮರದ ಮೇಲೆ ಪ್ರತಿಸಲವೂ ಒಂದೇ ಜಾಗದಲ್ಲಿ ಕೂತರೆ ಮಾತ್ರ ಕಣ್ಣು ಒಂದೇ ಕಡೆ ನಿಲ್ಲುತ್ತದೆ ಎಂದು ಅವರು ವಿವರಿಸಿದರು. ಟ್ರಿಗರ್‌ನಿಂದ ಕುಂದದ ತುದಿಗೆ 14.75 ಇಂಚು ಇತ್ತು. ಮುಕ್ಕಾಲು ಇಂಚು ತೆಗೆಯುವುದೆಂದಾಯಿತು.

ಮರ ಕಾಶ್ಮೀರದ ಅಕ್ರೋಟು. ಹಗುರ, ಆದರೂ ಗಟ್ಟಿ. ಒಣಗಿದ ಮೇಲೆ ಹವಾಮಾನಕ್ಕೆ ಸುಲಭವಾಗಿ ಸೊಟ್ಟಗಾಗದು, ಗುಂಡಿನ ಹೊಡೆತಕ್ಕೆ ಸೀಳದು. ಕೈ ಹಿಡಿಯುವ ಸಪೂರ ಭಾಗದಲ್ಲಿ ಮರದ ಎಳೆ ಉದ್ದಕ್ಕೆ ಓಡಿದ್ದರೆ ಕುಂದ ಬಾಳುತ್ತದೆ, ಅಡ್ಡ ಓಡಿದ್ದರೆ ಎಂದಾದರೂ ಅಲ್ಲೇ ಮುರಿಯುತ್ತದೆ. “ನಿಮ್ಮಜ್ಜ ಮರ ನೋಡಿ ಆರಿಸಿದ್ದಾರೆ” ಎಂದು ಮೇಸ್ತ್ರಿಯವರು ಮೆಚ್ಚಿದರು. ತುದಿ ಕೊಯ್ದರು. ಕೆನ್ನೆ ಕೂರುವ ಏಣನ್ನು ಅರದಿಂದ ಸ್ವಲ್ಪ ಸ್ವಲ್ಪವೇ ತಗ್ಗಿಸಿದರು. ನಾಲ್ಕು ಸಲ ಅರ ಎಳೆದು ಒಂದು ಸಲ ಹೆಗಲಿಗೆ ಕೊಡುತ್ತಿದ್ದರು. ನಾವು ಅವಸರ ಮಾಡಿದಾಗ, “ತೆಗೆದ ಮರವನ್ನು ಮತ್ತೆ ಅಂಟಿಸಲಾಗದು” ಎಂದರು.

ಹೊಳಪು ಕೊಡುವ ಕೆಲಸವನ್ನು ನಾವೇ ಮಾಡುತ್ತೇವೆಂದು ಹಟ ಹಿಡಿದು ಬರಿಯ ಕುಂದವನ್ನು ಮನೆಗೆ ತಂದೆವು. ಕಬ್ಬಿಣವೆಲ್ಲ ಅಂಗಡಿಯಲ್ಲೇ ಉಳಿಯಿತು. ಮರಳು ಕಾಗದದಿಂದ ತಿಕ್ಕಿ, ಒದ್ದೆ ಬಟ್ಟೆಯಿಂದ ಒರೆಸಿ, ಒಣಗಿದ ಮೇಲೆ ಎದ್ದುನಿಂತ ಸಣ್ಣ ನಾರುಗಳನ್ನು ಮತ್ತೆ ತಿಕ್ಕಿ ತೆಗೆದೆವು. ಹೀಗೆ ಮೂರು ಸಲ. ಆಮೇಲೆ ಅಗಸೆ ಎಣ್ಣೆಯನ್ನು ಅಂಗೈಯಿಂದ, ಮರ ಬಿಸಿಯಾಗುವಷ್ಟು ಉಜ್ಜಿದೆವು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಇಡಬೇಡಿ, ತಾನಾಗಿ ಬೆಂಕಿ ಹತ್ತಿಕೊಳ್ಳುತ್ತದೆ ಎಂದು ಮೇಸ್ತ್ರಿಯವರು ಎಚ್ಚರಿಸಿದ್ದರಿಂದ ಅದನ್ನು ಅಂಗಳದಲ್ಲಿ ಹರವಿ ಒಣಗಿಸುತ್ತಿದ್ದೆವು. ಮೂರು ವಾರದಲ್ಲಿ ಮರದ ಎಳೆಗಳೆಲ್ಲ ಎದ್ದು ಕಂಡವು. ಹೊಸದರಂತೆ ಹೊಳೆಯಿತು. ನಮ್ಮ ಕೆಲಸಕ್ಕೆ ನಾವೇ ಬೀಗಿದೆವು.

ಜಗಲಿಯಲ್ಲಿದ್ದ ತಂದೆಯವರ ಕೈಗೆ ಕೊಟ್ಟೆವು. ಅವರು ಹೊಳಪನ್ನು ನೋಡಲಿಲ್ಲ. ಏಣಿನ ಎಡಬದಿಯಲ್ಲಿ ಬೆರಳಾಡಿಸಿ ಏನನ್ನೋ ಹುಡುಕಿದರು.

“ಇಲ್ಲೊಂದು ಕಪ್ಪು ಇತ್ತಲ್ಲ ಮಕ್ಕಳೇ?”

ಇತ್ತು. ಅಂಗೈ ಅಗಲದ ಕಪ್ಪು ಕಲೆ. ಅದು ಹೋಗಬೇಕೆಂದೇ ನಾವು ಒಂದು ಇಡೀ ಮಧ್ಯಾಹ್ನ ತಿಕ್ಕಿದ್ದೆವು.

“ಅದು ಅಪ್ಪ ಕೆನ್ನೆ ಇಡುತ್ತಿದ್ದ ಜಾಗ. ಬೆವರಿಗೆ ಕಪ್ಪಾದದ್ದು” ಎಂದರು.

ನಮಗೆ ಮಾತು ಹೊರಡಲಿಲ್ಲ. ಅಷ್ಟು ವರ್ಷ ತೋಳು ನೋಯಿಸಿಕೊಂಡೂ ಅವರು ಕುಂದವನ್ನು ಏಕೆ ಕತ್ತರಿಸಲಿಲ್ಲ ಎಂಬುದು ಆಗ ಅರ್ಥವಾಯಿತು. ಕೊಯ್ಯಲು ಒಪ್ಪಿಗೆ ಕೇಳಿದ್ದ ನಾವು, ಅಳಿಸಲು ಕೇಳಿರಲಿಲ್ಲ. ಕೊಳೆ ಎಂದುಕೊಂಡದ್ದನ್ನು ಏನೆಂದು ಕೇಳುವ ಅಗತ್ಯವೇ ನಮಗೆ ಕಂಡಿರಲಿಲ್ಲ.

ತಂದೆಯವರು ಗದರಲಿಲ್ಲ. ಎದ್ದು ನಿಂತು ಆ ಬರಿಯ ಮರವನ್ನೇ ಹೆಗಲಿಗೇರಿಸಿದರು. ಮೊದಲ ಬಾರಿಗೆ ಅದು ಅವರ ಹೆಗಲಿನ ಗುಳಿಯಲ್ಲಿ ಸರಿಯಾಗಿ ಕೂತಿತು. ಸ್ವಲ್ಪ ಹೊತ್ತು ಹಾಗೇ ನಿಂತು, “ಹಗುರಾಗಿದೆ” ಎಂದು ಹಿಂದೆ ಕೊಟ್ಟರು.

ಹಳೆಯದನ್ನು ತಿದ್ದುವುದು ತಪ್ಪಲ್ಲ. ಅಜ್ಜನ ಅಳತೆಗೆ ಮೊಮ್ಮಕ್ಕಳು ತೋಳು ನೋಯಿಸಿಕೊಳ್ಳಬೇಕೆಂದು ಯಾವ ಅಜ್ಜನೂ ಬಯಸಲಾರ. ಆದರೆ ಯಾವುದು ಅಳತೆ, ಯಾವುದು ಗುರುತು ಎಂದು ತಿಳಿದವರು ಮನೆಯಲ್ಲಿ ಕುಳಿತಿರುವಾಗ, ಅವರನ್ನು ಒಂದು ಮಾತು ಕೇಳುವುದಕ್ಕೆ ನಮಗೇಕೆ ಪುರುಸೊತ್ತಿರಲಿಲ್ಲ? ಕೊಯ್ದ ಮುಕ್ಕಾಲು ಇಂಚಿನ ತುಂಡನ್ನು ಮೇಸ್ತ್ರಿಯವರು ಕಾಗದದಲ್ಲಿ ಸುತ್ತಿ ಕೊಟ್ಟಿದ್ದರು. ತಂದೆಯವರು ಅದನ್ನು ಕೇಳಿ ಪಡೆದು ತಮ್ಮ ಕಪಾಟಿನಲ್ಲಿಟ್ಟುಕೊಂಡಿದ್ದಾರೆ. ನಾವು ವರ್ಷಕ್ಕೊಮ್ಮೆ ಕುಂದಕ್ಕೆ ಎಣ್ಣೆ ಉಜ್ಜುತ್ತೇವೆ. ಮರಳು ಕಾಗದವನ್ನು ಮಾತ್ರ ಮತ್ತೆ ಮುಟ್ಟಿಲ್ಲ.